ಬಾವಿಯ ಕರಿಕಲ್ಲು ಬರೆದಿಟ್ಟ ದಿಕ್ಕು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡರು. ಶಾಲೆ ಹುಟ್ಟಿ ಬೆಳೆದ ಬಗೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಿದ್ದಾರೆ. ದಾನಿಗಳ ಔದಾರ್ಯವನ್ನೂ ಗುರುವೃಂದದ ಪರಿಶ್ರಮವನ್ನೂ ನೆನೆಯುವ ಲೇಖನಗಳಿಗೆ ಇಲ್ಲಿ ಕೊರತೆಯಿರಲಾರದು. ಆದುದರಿಂದ ನಾನು ಶಾಲೆಯ ತಳಪಾಯಕ್ಕೂ ಕೆಳಗೆ ಇರುವ ಕರಿಕಲ್ಲಿನ ವಿಷಯವನ್ನು ಆರಿಸಿಕೊಂಡಿದ್ದೇನೆ. ವಿಜ್ಞಾನವು ಇಂಗ್ಲಿಷಿನಲ್ಲಿ ಮಾತ್ರ ದಕ್ಕುವ ವಿದ್ಯೆ ಎಂದು ಹೇಳಿ ಮಕ್ಕಳನ್ನು ಬೇರೆ ಶಾಲೆಗಳಿಗೆ ಸೇರಿಸುವ ಪಾಲಕರ ಸಂಖ್ಯೆ ಇತ್ತೀಚೆಗೆ ನಮ್ಮ ಭಾಗದಲ್ಲಿಯೂ ಹೆಚ್ಚುತ್ತಿದೆ. ಅವರೊಡನೆ ವಾದಕ್ಕೆ ನಿಲ್ಲುವ ವಯಸ್ಸು ನನ್ನದಲ್ಲ. ಮ್ಯಾಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿದ ನಾನು, ತಿಳಿದುದನ್ನು ಕನ್ನಡದಲ್ಲಿಯೇ ಹೇಳುತ್ತೇನೆ. ತಿಳಿಯಿತೋ ಇಲ್ಲವೋ ಎಂಬುದನ್ನು ಓದುಗರೇ ನಿರ್ಣಯಿಸಲಿ.

ಅಕ್ಕಲಕೋಟೆ ತಾಲೂಕಿನ ಹಳೆಯ ಬಾವಿಗಳ ಮೆಟ್ಟಿಲಿಳಿದು ನಿಂತು ಗೋಡೆಯನ್ನು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಮೇಲೆ ಜೋಳ ಬೆಳೆಯುವ ಎರೆಮಣ್ಣು, ಅದರ ಕೆಳಗೆ ಮುರುಮು, ಅದರ ಕೆಳಗೆ ಸುತ್ತಿಗೆಗೆ ಜಗ್ಗದ ಕರಿಕಲ್ಲು. ಕೆಲವು ಬಾವಿಗಳಲ್ಲಿ ಕಲ್ಲಿನ ನಡುವೆ ಇಟ್ಟಿಗೆಯ ಬಣ್ಣದ ಕೆಂಪು ಮಣ್ಣಿನ ತೆಳುವಾದ ಪಟ್ಟಿಯೊಂದು ಕಾಣುತ್ತದೆ. ಅದರ ಕೆಳಗೆ ಮತ್ತೆ ಕರಿಕಲ್ಲು. ನಮ್ಮ ತಾಯಂದಿರು ಹಿಟ್ಟು ಬೀಸಿದ ಬೀಸುಕಲ್ಲು, ಸೊಲ್ಲಾಪುರದ ಕೋಟೆಯ ಗೋಡೆ, ವಿಜಯಪುರದ ಗೋಳಗುಮ್ಮಟ ಎಲ್ಲವೂ ಈ ಕಲ್ಲಿನ ಮಕ್ಕಳೇ. ಭೂವಿಜ್ಞಾನಿಗಳು ಇದನ್ನು ಬಸಾಲ್ಟ್ ಎಂದು ಕರೆಯುತ್ತಾರೆ. ಇದು ಬಿಸಿಯಾದ ಶಿಲಾರಸವು ನೆಲದ ಬಿರುಕುಗಳಿಂದ ಉಕ್ಕಿ, ನೀರಿನಂತೆ ಹರಡಿ, ಹೆಪ್ಪುಗಟ್ಟಿದುದರಿಂದ ಆದ ಕಲ್ಲು. ಒಂದು ಹರಿವು ಬಂದು ಆರಿದ ಮೇಲೆ ಇನ್ನೊಂದು ಹರಿವು ಬರುವುದಕ್ಕೆ ಎಷ್ಟೋ ಕಾಲ ಹಿಡಿದರೆ, ಆ ಬಿಡುವಿನಲ್ಲಿ ಮೇಲ್ಮೈ ಶಿಥಿಲವಾಗಿ ಮಣ್ಣಾಗುತ್ತಿತ್ತು. ಕೆಂಪು ಪಟ್ಟಿಯೆಂದರೆ ಆ ಬಿಡುವಿನ ಗುರುತು. ಮುಂದಿನ ಹರಿವು ಅದರ ಮೇಲೆ ಬಂದು ಬಿದ್ದಾಗ ಆ ಮಣ್ಣು ಕೆಲವೆಡೆ ಆವಿಗೆಯ ಮಡಕೆಯಂತೆ ಸುಟ್ಟದ್ದೂ ಉಂಟು.

ಈ ಕಲ್ಲಿನ ಹಾಸು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ನೆಲವನ್ನು ಮುಚ್ಚಿಕೊಂಡಿದೆ. ಸಹ್ಯಾದ್ರಿಯಲ್ಲಿ ಅದು ಬಹು ದಪ್ಪ. ಪೂರ್ವಕ್ಕೆ ಬಂದಂತೆ ತೆಳುವಾಗುತ್ತ ಕಲಬುರ್ಗಿಯ ಆಚೆ ಮುಗಿಯುತ್ತದೆ. ಅಲ್ಲಿ ಅದರ ಅಡಿಯಿಂದ ಹೊರಬರುವುದೇ ನಮ್ಮ ಮನೆಗಳಿಗೆ ಹಾಸುವ ಶಹಾಬಾದಿ ಫರಸಿ.

ಪ್ರತಿವರ್ಷ ಏಳನೆಯ ಇಯತ್ತೆಯ ಮಕ್ಕಳನ್ನು ಹಳ್ಳದ ದಂಡೆಗೆ ಕರೆದೊಯ್ದು, ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಮರಳಿನಲ್ಲಿ ಆಡಿಸುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿದ್ದೀತು. ಕಾಗದಕ್ಕೆ ಕರಿಯ ಪುಡಿ ಗಡ್ಡದಂತೆ ಅಂಟಿಕೊಳ್ಳುತ್ತಿತ್ತು. “ಗುರೂಜಿ, ಇದು ಯಾರ ಮನೆಯ ಕಬ್ಬಿಣ?” ಎಂದು ಒಬ್ಬ ಹುಡುಗ ಕೇಳಿದ್ದ. ಅದು ಕರಿಕಲ್ಲು ಸವೆದು ಉದುರಿದ ಮ್ಯಾಗ್ನೆಟೈಟ್ ಎಂಬ ಖನಿಜದ ಕಣ. ಈ ಲೇಖನದ ಕಥಾನಾಯಕ ಅದೇ ಕಣ.

ಭೂಮಿಯ ಮೇಲ್ಮೈಯಿಂದ ಸುಮಾರು 2,900 ಕಿಲೋಮೀಟರು ಆಳದಲ್ಲಿ ಕರಗಿದ ಕಬ್ಬಿಣದ ಮಹಾಸಾಗರವೊಂದಿದೆ. ಅದು ಸದಾ ಕುದಿಯುತ್ತ ಸುಳಿಯುತ್ತ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತಿನಿಂದ ಕಾಂತಕ್ಷೇತ್ರ ಉಂಟಾಗುತ್ತದೆ. ದಿಕ್ಸೂಚಿಯ ಮುಳ್ಳು ಉತ್ತರವನ್ನು ತೋರಿಸುವುದು ಈ ಕ್ಷೇತ್ರದ ಆಜ್ಞೆಯಿಂದ. ಶಿಲಾರಸವು ಉಕ್ಕುವಾಗ ಅದರ ಉಷ್ಣತೆ 1,100 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿರುತ್ತದೆ. ಅಷ್ಟು ಕಾವಿನಲ್ಲಿ ಯಾವ ಖನಿಜವೂ ಕಾಂತತ್ವವನ್ನು ಹಿಡಿದಿಟ್ಟುಕೊಳ್ಳಲಾರದು. ಮ್ಯಾಗ್ನೆಟೈಟ್ 580 ಡಿಗ್ರಿಗಿಂತ ಕೆಳಗೆ ತಣಿದಾಗ ಮಾತ್ರ ಅದರ ಕಣಗಳು ಆ ಗಳಿಗೆಯಲ್ಲಿದ್ದ ಭೂಕಾಂತದ ದಿಕ್ಕಿಗೆ ಒಲಿದು ನಿಲ್ಲುತ್ತವೆ. ಬಿಡುವಿನ ವೇಳೆಯಲ್ಲಿ ಅಂಗಳದ ತುಂಬ ಓಡಾಡುತ್ತಿದ್ದ ಮಕ್ಕಳು ಗಂಟೆ ಬಾರಿಸಿದೊಡನೆ ಧ್ವಜಸ್ತಂಭದ ಕಡೆಗೆ ಮುಖಮಾಡಿ ಸಾಲಾಗಿ ನಿಲ್ಲುವುದನ್ನು ನೆನೆಯಿರಿ. ಅವರು ಹಾಗೆಯೇ ಕಲ್ಲಾಗಿಬಿಟ್ಟರೆ, ಧ್ವಜಸ್ತಂಭ ಬಿದ್ದುಹೋದ ಮೇಲೂ ಅದು ಎಲ್ಲಿತ್ತೆಂಬುದನ್ನು ಆ ಮುಖಗಳಿಂದ ಹೇಳಬಹುದಷ್ಟೆ? ತಣಿದ ಕರಿಕಲ್ಲು ಅಂಥ ಸಾಲು.

ಇಷ್ಟೇ ಆಗಿದ್ದರೆ ಇದೊಂದು ಸಣ್ಣ ಕೌತುಕವಾಗಿ ಉಳಿಯುತ್ತಿತ್ತು. ತೊಡಕು ಹುಟ್ಟಿದ್ದು ಫ್ರಾನ್ಸಿನಲ್ಲಿ. 1905ರಲ್ಲಿ ಬರ್ನಾರ್ ಬ್ರೂನ್ ಎಂಬ ಭೌತವಿಜ್ಞಾನಿ ಅಲ್ಲಿಯ ಪೋಂಫಾರಾಂ ಎಂಬ ಹಳ್ಳಿಯ ಹತ್ತಿರ, ಪುರಾತನ ಲಾವಾ ಹರಿವಿನ ಅಡಿಯಲ್ಲಿ ಸುಟ್ಟು ಇಟ್ಟಿಗೆಯಂತಾಗಿದ್ದ ಜೇಡಿಯನ್ನು ಪರೀಕ್ಷಿಸಿದರು. ಅದರ ಕಾಂತತ್ವವು ಇಂದಿನ ದಿಕ್ಕಿಗೆ ಸರಿಯಾಗಿ ವಿರುದ್ಧವಾಗಿತ್ತು. ಮೇಲಿನ ಲಾವಾ ಕಲ್ಲಿನಲ್ಲಿಯೂ ಹಾಗೆಯೇ. ಜೇಡಿ ಬೇರೆ ವಸ್ತು, ಲಾವಾ ಬೇರೆ ವಸ್ತು. ಎರಡೂ ಒಟ್ಟಿಗೆ ಬಿಸಿಯಾಗಿ ಒಟ್ಟಿಗೆ ತಣಿದಿದ್ದವು, ಎರಡೂ ಒಂದೇ ಸಾಕ್ಷ್ಯವನ್ನು ನುಡಿದವು. ಹಾಗಾದರೆ ಅವು ತಣಿದ ಕಾಲದಲ್ಲಿ ಭೂಮಿಯ ಕಾಂತವೇ ತಲೆಕೆಳಗಾಗಿದ್ದಿರಬೇಕು ಎಂದು ಬ್ರೂನ್ 1906ರಲ್ಲಿ ಪ್ರಕಟಿಸಿದರು. ನಾಲ್ಕು ವರ್ಷಗಳಲ್ಲಿ ಅವರು ತೀರಿಕೊಂಡರು. ಮಾತು ಬಹುಮಟ್ಟಿಗೆ ಅಲ್ಲಿಗೇ ನಿಂತಿತು. ನಮ್ಮ ಬಾವಿಗಳ ಕೆಂಪು ಪಟ್ಟಿಯನ್ನು ಕಂಡಾಗಲೆಲ್ಲ ನನಗೆ ಆ ಜೇಡಿಯ ನೆನಪಾಗುತ್ತದೆ.

ಮುಂದೆ ಜಪಾನಿನ ಮೊತೊನೊರಿ ಮತುಯಾಮಾ ಅವರು ಜಪಾನ್, ಕೊರಿಯಾ, ಮಂಚೂರಿಯಾಗಳ ಲಾವಾ ಶಿಲೆಗಳನ್ನು ಅಳೆದು 1929ರಲ್ಲಿ ಒಂದು ವಿಶೇಷವನ್ನು ಎತ್ತಿ ತೋರಿಸಿದರು. ಹೊಸ ಲಾವಾಗಳು ಇಂದಿನ ದಿಕ್ಕಿನಲ್ಲಿದ್ದವು. ಅವುಗಳಿಗಿಂತ ಹಳೆಯವಾದ ಒಂದು ಗುಂಪಿನವು ತಿರುಗುಮುರುಗಾಗಿದ್ದವು. ತಿರುವು ಮನಬಂದಂತೆ ಚದುರಿರಲಿಲ್ಲ, ಕಾಲಕ್ರಮಕ್ಕೆ ಒಳಪಟ್ಟಿತ್ತು. ಆದರೂ ಪಂಡಿತರು ಒಪ್ಪಲಿಲ್ಲ.

ಅವರ ಸಂಶಯ ನಿರಾಧಾರವಾದುದೇನೂ ಅಲ್ಲ. ಫ್ರಾನ್ಸಿನ ಲೂಯಿ ನೀಲ್ ಅವರು, ಕೆಲವು ಖನಿಜಗಳು ತಣಿಯುವಾಗ ತಮ್ಮಷ್ಟಕ್ಕೆ ತಾವೇ ವಿರುದ್ಧ ದಿಕ್ಕನ್ನು ಹಿಡಿಯಬಹುದೆಂದು ಲೆಕ್ಕಹಾಕಿ ತೋರಿಸಿದ್ದರು. ಅದೇ ಸುಮಾರಿಗೆ, 1950ರ ದಶಕದ ಆರಂಭದಲ್ಲಿ, ಜಪಾನಿನ ತಾಕೆಶಿ ನಗಾತಾ ಅವರ ತಂಡಕ್ಕೆ ಹರುನಾ ಎಂಬ ಜ್ವಾಲಾಮುಖಿಯ ಕಲ್ಲಿನಲ್ಲಿ ಅಂಥ ಗುಣ ನಿಜವಾಗಿಯೂ ಕಂಡುಬಂದಿತು. ಪ್ರಯೋಗಶಾಲೆಯಲ್ಲಿ ಅದನ್ನು ಕಾಯಿಸಿ ಆರಿಸಿದರೆ ಅದು ಎದುರಿನ ಕಾಂತಕ್ಕೆ ತದ್ವಿರುದ್ಧವಾಗಿ ನಿಲ್ಲುತ್ತಿತ್ತು. ಸಾಕ್ಷಿಯೇ ಸುಳ್ಳು ಹೇಳುವುದು ಸಾಧ್ಯವೆಂದಾದ ಮೇಲೆ, ಉಳಿದ ಸಾವಿರ ಕಲ್ಲುಗಳ ಮಾತನ್ನು ನಂಬುವುದು ಹೇಗೆ?

ಮೂವತ್ತಕ್ಕೂ ಹೆಚ್ಚು ವರ್ಷ ಪರೀಕ್ಷೆಗಳನ್ನು ನಡೆಸಿದ ನನಗೆ ಈ ಬಿಕ್ಕಟ್ಟು ಚೆನ್ನಾಗಿ ಅರ್ಥವಾಗುತ್ತದೆ. ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕುಳಿತ ಇಬ್ಬರು ಒಂದೇ ವಿಚಿತ್ರ ಉತ್ತರವನ್ನು ಬರೆದರೆ ಮೇಲ್ವಿಚಾರಕನು ಹುಬ್ಬೇರಿಸುತ್ತಾನೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಕೇಂದ್ರಗಳಲ್ಲಿ ಒಬ್ಬರನ್ನೊಬ್ಬರು ಕಾಣದೆ ಕುಳಿತವರೆಲ್ಲ ಅದೇ ಉತ್ತರವನ್ನು ಬರೆದರೆ, ಪ್ರಶ್ನೆಪತ್ರಿಕೆಯಲ್ಲಿಯೇ ಏನೋ ಇದೆಯೆಂದು ತಿಳಿಯಬೇಕು. ತಿರುವು ಕಲ್ಲಿನ ಸ್ವಭಾವದಿಂದ ಆದದ್ದಾದರೆ, ಒಂದೇ ವಯಸ್ಸಿನ ಕಲ್ಲುಗಳಲ್ಲಿ ಕೆಲವು ನೆಟ್ಟಗೆ, ಕೆಲವು ತಿರುಗಿ ಇರಬೇಕು. ಭೂಮಿಯಿಂದ ಆದದ್ದಾದರೆ, ಒಂದೇ ವಯಸ್ಸಿನ ಕಲ್ಲುಗಳು ಜಗತ್ತಿನಲ್ಲೆಲ್ಲ ಒಂದೇ ದಿಕ್ಕನ್ನು ಹೇಳಬೇಕು. ನಿರ್ಣಯಕ್ಕೆ ಬೇಕಾಗಿದ್ದುದು ಕಲ್ಲಿನ ಖಚಿತ ವಯಸ್ಸು.

ಅದನ್ನು ಒದಗಿಸಿದ್ದು ಪೊಟ್ಯಾಸಿಯಂ–ಆರ್ಗಾನ್ ವಿಧಾನ. ಕಲ್ಲಿನಲ್ಲಿರುವ ಒಂದು ಬಗೆಯ ಪೊಟ್ಯಾಸಿಯಂ ಗೊತ್ತಾದ ವೇಗದಲ್ಲಿ ಆರ್ಗಾನ್ ಅನಿಲವಾಗಿ ಬದಲಾಗುತ್ತದೆ. ಸಂಗ್ರಹವಾದ ಅನಿಲವನ್ನು ಅಳೆದರೆ ಕಲ್ಲು ಹೆಪ್ಪುಗಟ್ಟಿ ಎಷ್ಟು ಕಾಲವಾಯಿತೆಂಬುದು ತಿಳಿಯುತ್ತದೆ. ಅಮೆರಿಕದ ಅಲನ್ ಕಾಕ್ಸ್, ರಿಚರ್ಡ್ ಡೋಯೆಲ್, ಬ್ರೆಂಟ್ ಡಾಲ್ರಿಂಪಲ್ ಎಂಬ ಮೂವರು ಕ್ಯಾಲಿಫೋರ್ನಿಯಾದ ಲಾವಾಗಳಿಂದ ಆರಂಭಿಸಿದರು. ಆಸ್ಟ್ರೇಲಿಯಾದ ಇಯನ್ ಮೆಕ್‌ಡೂಗಲ್ ಮತ್ತು ಡಾನ್ ಟಾರ್ಲಿಂಗ್ ಹವಾಯಿ ದ್ವೀಪದ ಕಲ್ಲುಗಳನ್ನು ಹಿಡಿದರು. 1963ರಿಂದ ಎರಡೂ ತಂಡಗಳು ಪೈಪೋಟಿಯಿಂದ ಫಲಿತಾಂಶಗಳನ್ನು ಹೊರತಂದವು. ಉತ್ತರಗಳು ತಾಳೆಯಾದವು. ಈಗ ನಮಗೆ ತಿಳಿದಿರುವಂತೆ, ಭೂಕಾಂತವು ಇಂದಿನ ದಿಕ್ಕಿಗೆ ತಿರುಗಿದ್ದು ಸುಮಾರು 7 ಲಕ್ಷ 75 ಸಾವಿರ ವರ್ಷಗಳ ಹಿಂದೆ. ಈಚಿನ ಈ ಅವಧಿಗೆ ಬ್ರೂನ್ ಅವರ ಹೆಸರನ್ನೂ, ಅದಕ್ಕೆ ಮುಂಚಿನ, ಸುಮಾರು 26 ಲಕ್ಷ ವರ್ಷಗಳ ಹಿಂದಿನವರೆಗೆ ಚಾಚಿದ ತಿರುಗುಮುರುಗು ಅವಧಿಗೆ ಮತುಯಾಮಾ ಅವರ ಹೆಸರನ್ನೂ ಇಡಲಾಗಿದೆ. ಬದುಕಿದ್ದಾಗ ಯಾರೂ ಕಿವಿಗೊಡದ ಬ್ರೂನ್ ಅವರಿಗೆ ಸಂದ ಈ ಗೌರವವನ್ನು ಓದಿದಾಗ ನನಗೆ ಸಮಾಧಾನವಾಯಿತು. ಹರುನಾದ ಕಲ್ಲು ಅಪರೂಪದ ಜಾತಿಯೆಂದು ಸಿದ್ಧವಾಯಿತು.

ಅದೇ 1963ರಲ್ಲಿ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಅವರು ಸಾಗರತಳದ ಲಾವಾದಲ್ಲಿಯೂ ಈ ತಿರುವುಗಳು ಪಟ್ಟೆಪಟ್ಟೆಯಾಗಿ ಮೂಡಿರಬೇಕೆಂದು ಸೂಚಿಸಿದರು. ಕೆನಡಾದ ಲಾರೆನ್ಸ್ ಮಾರ್ಲಿ ಇದನ್ನೇ ಸ್ವತಂತ್ರವಾಗಿ ಬರೆದು ಕಳುಹಿಸಿದ್ದರು. ಅವರ ಲೇಖನವನ್ನು ಪತ್ರಿಕೆಗಳು ಹಿಂದಿರುಗಿಸಿದ್ದವು. ಸಾಗರತಳ ಹಿಗ್ಗುತ್ತದೆ, ಖಂಡಗಳು ಸರಿಯುತ್ತವೆ ಎಂಬ ಮಾತಿಗೆ ಬಲವಾದ ಆಧಾರ ಆ ಪಟ್ಟೆಗಳಿಂದ ದೊರೆಯಿತು.

ಇನ್ನು ನಮ್ಮ ಕಲ್ಲಿನ ಕಡೆಗೆ ಬರೋಣ. ನಾನು ಮ್ಯಾಟ್ರಿಕ್ ಓದುವಾಗ ನಮ್ಮ ಭೂಗೋಳದ ಪುಸ್ತಕದಲ್ಲಿ ಖಂಡಗಳು ಚಲಿಸುತ್ತವೆಂಬ ಸುದ್ದಿಯೇ ಇರಲಿಲ್ಲ. ದಖನ್ ಪ್ರಸ್ಥಭೂಮಿ ಎಂದರೆ ಅಚಲವಾದ ನೆಲ ಎಂದು ಬಾಯಿಪಾಠ ಮಾಡಿದ್ದೆವು. ಆದರೆ ಅದಕ್ಕೆ ಎಷ್ಟೋ ವರ್ಷ ಮೊದಲೇ ನಮ್ಮ ಕರಿಕಲ್ಲು ಬೇರೆಯದನ್ನೇ ನುಡಿದಿತ್ತು. ಕೇಂಬ್ರಿಜ್‌ನ ವಿದ್ಯಾರ್ಥಿ ಟೆಡ್ ಇರ್ವಿಂಗ್ ಅವರು 1950ರ ದಶಕದ ಆರಂಭದಲ್ಲಿ ದಖನ್ನಿನ ಕಲ್ಲಿನ ತುಣುಕುಗಳನ್ನು ಭಾರತದಿಂದ ತರಿಸಿಕೊಂಡು ಅಳೆದರು. ಭಾರತ ದಕ್ಷಿಣ ಗೋಲಾರ್ಧದಿಂದ ಬಂದಿದೆ ಎಂಬ ಸೂಚನೆ ಅವರಿಗೆ ದೊರೆಯಿತು. 1954ರಲ್ಲಿ ಅವರ ಪಿಎಚ್.ಡಿ. ಪ್ರಬಂಧವನ್ನು ಪರೀಕ್ಷಕರು ಅಂಗೀಕರಿಸಲಿಲ್ಲ! ಹನ್ನೊಂದು ವರ್ಷಗಳ ತರುವಾಯ ಅದೇ ವಿಶ್ವವಿದ್ಯಾಲಯ ಅವರಿಗೆ ಇನ್ನೂ ಹಿರಿಯ ಪದವಿಯನ್ನು ಕೊಟ್ಟಿತು.

ಲಂಡನ್ನಿನಲ್ಲಿ ನೊಬೆಲ್ ಪ್ರಶಸ್ತಿ ವಿಜೇತ ಬ್ಲ್ಯಾಕೆಟ್ ಅವರ ಪ್ರೇರಣೆಯಿಂದ ಜಾನ್ ಕ್ಲೆಗ್ ಮತ್ತು ಸಂಗಡಿಗರು ದಖನ್ ಶಿಲೆಗಳ ಕಾಂತತ್ವವನ್ನು ಕುರಿತು 1956ರಲ್ಲಿ ಪ್ರಕಟಿಸಿದರು. ಬ್ಲ್ಯಾಕೆಟ್ ಅವರು ಅತಿಸೂಕ್ಷ್ಮ ಕಾಂತಮಾಪಕವನ್ನು ರಚಿಸಿದ್ದು ಬೇರೆ ಉದ್ದೇಶಕ್ಕೆ. ತಿರುಗುವ ಯಾವುದೇ ವಸ್ತು ತಿರುಗುವುದರಿಂದಲೇ ಕಾಂತವಾಗುತ್ತದೆಯೇ ಎಂದು ತಿಳಿಯಲು ಅವರು ಸುಮಾರು 15 ಕಿಲೋ ತೂಕದ ಶುದ್ಧ ಚಿನ್ನದ ಉರುಳೆಯನ್ನು ಎರವಲು ತಂದಿದ್ದರು. ಆ ಊಹೆ ಬಿದ್ದುಹೋಯಿತು, ಚಿನ್ನ ಹಿಂದಿರುಗಿತು, ಉಪಕರಣ ಮಾತ್ರ ಕಲ್ಲುಗಳ ಪಾಲಿಗೆ ವರವಾಗಿ ಉಳಿಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸಹಸ್ರಬುದ್ಧೆ, ರಾಧಾಕೃಷ್ಣಮೂರ್ತಿ ಮೊದಲಾದವರು ಈ ಕೆಲಸವನ್ನು ನಮ್ಮ ದೇಶದಲ್ಲಿಯೇ ಮುಂದುವರಿಸಿದರು.

ಕಲ್ಲು ಅಕ್ಷಾಂಶವನ್ನು ಹೇಳುವುದು ಹೇಗೆ? ದಿಕ್ಸೂಚಿಯ ಮುಳ್ಳನ್ನು ಮೇಲೆ ಕೆಳಗೆ ಆಡಲು ಬಿಟ್ಟರೆ ಅದು ಸಮಭಾಜಕ ವೃತ್ತದ ಬಳಿ ಮಟ್ಟಸವಾಗಿಯೂ ಧ್ರುವಗಳಲ್ಲಿ ನೆಟ್ಟಗೂ ನಿಲ್ಲುತ್ತದೆ. ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಇಂದು ಮುಳ್ಳಿನ ಉತ್ತರದ ತುದಿ ನೆಲದತ್ತ ಬಾಗುತ್ತದೆ. ದಖನ್ನಿನ ನೆಟ್ಟಗಿನ ಹರಿವುಗಳಲ್ಲಿ ಅದೇ ತುದಿ ಸುಮಾರು 45 ಡಿಗ್ರಿಯಷ್ಟು ಆಕಾಶದತ್ತ ಎದ್ದಿದೆ. ದಕ್ಷಿಣ ಗೋಲಾರ್ಧದಲ್ಲಿ ಮಾತ್ರ ಹಾಗಾಗಬಲ್ಲದು. ತಿರುಗಿದ ಹರಿವುಗಳಲ್ಲಿ ಆ ತುದಿ ದಕ್ಷಿಣಕ್ಕೆ ಹೊರಳಿ ನೆಲಕ್ಕೆ ಬಾಗಿದೆ. ಅಂದರೆ ಎಲ್ಲವೂ ತದ್ವಿರುದ್ಧ, ಆದರೆ ಹೇಳುವ ಸ್ಥಳ ಒಂದೇ. ಲೆಕ್ಕಹಾಕಿದರೆ ಸುಮಾರು 27 ಡಿಗ್ರಿ ದಕ್ಷಿಣ ಅಕ್ಷಾಂಶ ಬರುತ್ತದೆ. ನಾವಿರುವುದು 17 ಡಿಗ್ರಿ ಉತ್ತರಕ್ಕೂ ಮೇಲೆ. ನಮ್ಮ ಹೊಲಗದ್ದೆಗಳ ಕೆಳಗಿನ ಈ ಕಲ್ಲು ಹೆಪ್ಪುಗಟ್ಟಿದ ಮೇಲೆ ಸುಮಾರು 5,000 ಕಿಲೋಮೀಟರು ಪ್ರಯಾಣ ಮಾಡಿದೆ! ಆ ಲಾವಾವನ್ನು ಉಕ್ಕಿಸಿದ ಬಿಸಿಯ ಒರತೆ ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ. ಅಲ್ಲಿಯ ಜ್ವಾಲಾಮುಖಿ ಈಗಲೂ ಆಗಾಗ ಉಕ್ಕುತ್ತಿರುತ್ತದೆ. ಆ ಯುಗದಲ್ಲಿ ಭಾರತ ವರ್ಷಕ್ಕೆ 15 ಸೆಂಟಿಮೀಟರಿಗೂ ಮೀರಿದ ವೇಗದಲ್ಲಿ, ಎಂದರೆ ಒಂದು ಗೇಣಿನ ಆಸುಪಾಸು, ಉತ್ತರಕ್ಕೆ ಸರಿಯುತ್ತಿತ್ತೆಂದು ಸಾಗರತಳದ ಪಟ್ಟೆಗಳು ತಿಳಿಸುತ್ತವೆ.

ಕಲ್ಲನ್ನು ಓದುವ ಕ್ರಮವನ್ನು ಸ್ವಲ್ಪ ವಿವರಿಸಿದರೆ ಅದರ ಶ್ರಮ ಮನದಟ್ಟಾದೀತು. ರಸ್ತೆ ಕಡಿದ ಘಟ್ಟದಲ್ಲಿಯೋ ಗಣಿಯಲ್ಲಿಯೋ ಅಲುಗದ ಬಂಡೆಯನ್ನು ಆರಿಸುತ್ತಾರೆ. ಉರುಳಿ ಬಂದ ಗುಂಡು ಕೆಲಸಕ್ಕೆ ಬಾರದು, ಏಕೆಂದರೆ ಅದರ ದಿಕ್ಕು ಕೆಟ್ಟಿರುತ್ತದೆ. ವಜ್ರದ ಹಲ್ಲಿನ ಕೊಳವೆಯಿಂದ ನೀರು ಹಾಯಿಸುತ್ತ ಕೊರೆದು ಹೆಬ್ಬೆರಳಿನ ಗಾತ್ರದ ಕಲ್ಲುಕಡ್ಡಿಯನ್ನು ತೆಗೆಯುತ್ತಾರೆ. ಅದನ್ನು ಮುರಿಯುವ ಮೊದಲೇ ಅದು ಯಾವ ಕಡೆಗೆ ಎಷ್ಟು ವಾಲಿತ್ತೆಂಬುದನ್ನು ಗುರುತು ಹಾಕಿಕೊಳ್ಳಬೇಕು. ಇದಕ್ಕೆ ದಿಕ್ಸೂಚಿಯೊಂದನ್ನೇ ನೆಚ್ಚುವಂತಿಲ್ಲ. ಕರಿಕಲ್ಲೇ ಮುಳ್ಳನ್ನು ಎಳೆದುಬಿಡಬಹುದು. ಆದ್ದರಿಂದ ಸೂರ್ಯನ ನೆರಳನ್ನು ನೋಡಿ ಗಡಿಯಾರದ ಸಹಾಯದಿಂದ ದಿಕ್ಕನ್ನು ಗೊತ್ತುಮಾಡುವುದುಂಟು. ಗುಡ್ಡದ ನೆತ್ತಿಯ ಕಲ್ಲುಗಳ ವಿಷಯದಲ್ಲಿ ಮತ್ತೊಂದು ಎಚ್ಚರ ಬೇಕು. ಸಿಡಿಲು ಬಡಿದಲ್ಲಿ ಅದರ ವಿದ್ಯುತ್ ಪ್ರವಾಹವು ಕಲ್ಲಿನ ಹಳೆಯ ಬರಹವನ್ನು ಅಳಿಸಿ ಅಡ್ಡಾದಿಡ್ಡಿಯಾಗಿ ಗೀಚಿಬಿಟ್ಟಿರುತ್ತದೆ.

ಪ್ರಯೋಗಶಾಲೆಯ ಕೆಲಸ ಇದಕ್ಕಿಂತ ನಿಧಾನ. ಕೋಟ್ಯಂತರ ವರ್ಷಗಳಲ್ಲಿ ದುರ್ಬಲ ಕಣಗಳು ಇಂದಿನ ಭೂಕಾಂತಕ್ಕೆ ಒಲಿದು ಹಳೆಯ ದಿಕ್ಕಿನ ಮೇಲೆ ಹೊಸ ದಿಕ್ಕನ್ನು ಬಳಿದಿರುತ್ತವೆ. ಗುಡಿಗಳ ಕನ್ನಡ ಶಾಸನಗಳ ಮೇಲೆ ವರ್ಷ ವರ್ಷವೂ ಸುಣ್ಣ ಹಚ್ಚಿರುವುದನ್ನು ನಾವು ನೋಡಿಲ್ಲವೇ? ಸುಣ್ಣ ಕೆರೆದ ಹೊರತು ಅಕ್ಷರ ಕಾಣದು. ಇಲ್ಲಿಯೂ ಹಾಗೆಯೇ. ಭೂಕಾಂತವು ಒಳಗೆ ನುಸುಳದಂತೆ ಕಟ್ಟಿದ ಒಲೆಯಲ್ಲಿ ಕಲ್ಲನ್ನು 100, 200, 300 ಡಿಗ್ರಿಗಳೆಂದು ಮೆಟ್ಟಿಲುಮೆಟ್ಟಿಲಾಗಿ ಕಾಯಿಸಿ, ಪ್ರತಿಸಲವೂ ಆರಿಸಿ ಅಳೆಯುತ್ತಾರೆ. ಮೊದಲು ಅಳಿಯುವುದು ಹೊಸ ಬಳಿತ. 500 ಡಿಗ್ರಿ ದಾಟಿದ ಮೇಲೂ ಬದಲಾಗದೆ ಉಳಿಯುವ ದಿಕ್ಕೇ ಮೂಲ ಬರಹ.

ಹೀಗೆ ಓದಿದಾಗ ದಖನ್ನಿನ ಲಾವಾ ರಾಶಿಯು ತನ್ನ ವಯಸ್ಸಿನ ಗುಟ್ಟನ್ನೂ ಬಿಟ್ಟುಕೊಟ್ಟಿತು. ಅದು ಹಲವು ಕೋಟಿ ವರ್ಷಗಳ ಕಾಲ ಸಾವಕಾಶವಾಗಿ ಉಕ್ಕಿತ್ತೆಂದು ಹಿಂದೆ ಅನೇಕರು ತಿಳಿದಿದ್ದರು. 1986ರಲ್ಲಿ ಫ್ರಾನ್ಸಿನ ವಿನ್ಸಂಟ್ ಕೂರ್ತಿಯೊ ಮತ್ತು ಸಂಗಡಿಗರು ಒಂದು ಸರಳ ಪ್ರಶ್ನೆಯನ್ನು ಕೇಳಿದರು. ಅಷ್ಟು ದೀರ್ಘಕಾಲ ಉಕ್ಕಿದ್ದರೆ ಹತ್ತಾರು ತಿರುವುಗಳು ಅದರಲ್ಲಿ ದಾಖಲಾಗಿರಬೇಕಲ್ಲವೇ? ಕಂಡದ್ದು ಎರಡೇ: ಕೆಳಗೆ ನೆಟ್ಟಗಿನ ಕೆಲವು ಹರಿವುಗಳು, ನಡುವೆ ತಿರುಗಿದ ದೊಡ್ಡ ರಾಶಿ, ಮಹಾಬಳೇಶ್ವರದಂಥ ಎತ್ತರಗಳಲ್ಲಿ ಮತ್ತೆ ನೆಟ್ಟಗಿನವು. ಹಾಗಾದರೆ ಬಹುಭಾಗ ಸ್ವಲ್ಪ ಕಾಲದಲ್ಲಿಯೇ ಉಕ್ಕಿರಬೇಕು. ಇತ್ತೀಚಿನ ಸೂಕ್ಷ್ಮ ಕಾಲನಿರ್ಣಯಗಳು ಸಹ್ಯಾದ್ರಿಯ ಪ್ರಧಾನ ರಾಶಿಗೆ 10 ಲಕ್ಷ ವರ್ಷಗಳಿಗಿಂತ ಕಡಿಮೆ ಅವಧಿಯನ್ನೂ, ಇಂದಿನಿಂದ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದಿನ ಕಾಲವನ್ನೂ ಕೊಟ್ಟಿವೆ.

ಆ ಕಾಲವೆಂದರೆ ಡೈನೋಸಾರ್‌ಗಳು ಅಳಿದ ಕಾಲ. ಇಟಲಿಯ ಗುಬ್ಬಿಯೋ ಎಂಬ ಊರಿನ ಸುಣ್ಣಕಲ್ಲಿನ ಪದರುಗಳಲ್ಲಿಯೂ ಕಾಂತದ ತಿರುವುಗಳು ದಾಖಲಾಗಿವೆ. ಆಕಾಶದಿಂದ ಬಿದ್ದ ಮಹಾಶಿಲೆಯ ಕುರುಹಾದ ಇರಿಡಿಯಂ ಲೋಹವನ್ನು ಹೊತ್ತ ತೆಳು ಜೇಡಿಯ ಪಟ್ಟಿ ಅಲ್ಲಿ ಬರುವುದು ತಿರುಗಿದ ಪದರಿನ ನಡುವೆ; ದಖನ್ನಿನ ದೊಡ್ಡ ರಾಶಿ ಬಿದ್ದದ್ದೂ ಅದೇ ತಿರುವಿನಲ್ಲಿ. ಇಟಲಿಯ ಸುಣ್ಣಕಲ್ಲಿಗೂ ಸಹ್ಯಾದ್ರಿಯ ಕರಿಕಲ್ಲಿಗೂ ಬೇರೆ ಯಾವ ನಂಟೂ ಇಲ್ಲ. ಅವೆರಡನ್ನೂ ಒಂದೇ ಪಂಚಾಂಗದಲ್ಲಿಟ್ಟು ನೋಡಲು ನೆರವಾದದ್ದು ಭೂಕಾಂತದ ಈ ಹೊರಳು. ಮೆಕ್ಸಿಕೊದಲ್ಲಿ ಬಿದ್ದ ಆ ಮಹಾಶಿಲೆಯೇ ಪ್ರಧಾನ ಕಾರಣವೆಂದು ಬಹುಮಂದಿ ವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಲಾವಾ ಉಗುಳಿದ ವಿಷಾನಿಲಗಳ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ.

ಎಲ್ಲ ಬರಹವೂ ಹೀಗೆ ಸಲೀಸಾಗಿ ಓದಿಗೆ ಸಿಗುವುದಿಲ್ಲ. ಅಮೆರಿಕದ ಸ್ಟೀನ್ಸ್ ಪರ್ವತದ ಲಾವಾಗಳಲ್ಲಿ ತಿರುವು ನಡೆಯುತ್ತಿದ್ದ ಗಳಿಗೆಯೇ ಸೆರೆಯಾಗಿದೆ. ಅಲ್ಲಿ ಕಾಂತದ ದಿಕ್ಕು ದಿನಕ್ಕೆ ಹಲವು ಡಿಗ್ರಿಗಳಷ್ಟು ಓಡಿತ್ತೆಂದು 1989ರಲ್ಲಿ ರಾಬರ್ಟ್ ಕೋ ಮತ್ತು ಮಿಶೆಲ್ ಪ್ರೇವೊ ಬರೆದಾಗ ಜಗತ್ತು ಬೆರಗಾಯಿತು. 2014ರಲ್ಲಿ ಕೋ ಅವರೇ ಹೊಸ ಸಂಗಡಿಗರೊಡನೆ ಅದೇ ಕಲ್ಲನ್ನು ಮತ್ತೆ ಪರೀಕ್ಷಿಸಿ, ಮೇಲಿನ ಹರಿವಿನ ಕಾವಿನಿಂದ ಕೆಳಗಿನ ಕಲ್ಲಿನ ಖನಿಜಗಳು ಮಾರ್ಪಟ್ಟು ಹಾಗೆ ತೋರಿತ್ತೆಂದು ಪ್ರಕಟಿಸಿದರು.

ದೂರದರ್ಶನದ ವಾಹಿನಿಗಳು ಆಗಾಗ ಭೂಕಾಂತವು ನಾಳೆಯೇ ತಿರುಗಿ ಪ್ರಳಯವಾದೀತೆಂದು ಹೆದರಿಸುವುದನ್ನು ಕಂಡು ಕೆಲವು ಹಳೆಯ ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದಾರೆ. ಮುಂಬಯಿಯ ಕುಲಾಬಾದಲ್ಲಿ 1841ರಿಂದ ಭೂಕಾಂತವನ್ನು ಅಳೆಯುತ್ತಿದ್ದರು. ನಗರಕ್ಕೆ ವಿದ್ಯುತ್ ಟ್ರಾಮು ಬರುವುದೆಂದು ತಿಳಿದಾಗ, ಅದರಿಂದ ಅಳತೆ ಕೆಡದಂತೆ 1904ರಲ್ಲಿ ಆ ಕೆಲಸವನ್ನು ಅಲಿಬಾಗಕ್ಕೆ ಸಾಗಿಸಿದರು. ಜಗತ್ತಿನ ಇಂಥ ವೀಕ್ಷಣಾಲಯಗಳ ದಾಖಲೆಗಳನ್ನು ಕೂಡಿಸಿ ನೋಡಿದರೆ, ಸುಮಾರು 180 ವರ್ಷಗಳಲ್ಲಿ ಭೂಕಾಂತದ ಬಲ ನೂರಕ್ಕೆ ಒಂಬತ್ತು ಹತ್ತರಷ್ಟು ಇಳಿದಿರುವುದು ನಿಜ. ಆದರೆ ಅದು ಹಾಗೆ ಇಳಿದು, ತಿರುಗದೆ ಮತ್ತೆ ಏರಿರುವುದಕ್ಕೂ ಲಾವಾಗಳಲ್ಲಿ ಸಾಕ್ಷ್ಯವಿದೆ. ಸುಮಾರು 41 ಸಾವಿರ ವರ್ಷಗಳ ಹಿಂದೆ ಅದು ತೀರ ಕ್ಷೀಣಿಸಿ, ಸ್ವಲ್ಪ ಕಾಲ ಹೊರಳಿ, ತಿರುಗಿ ತನ್ನ ಸ್ಥಾನಕ್ಕೆ ಬಂದಿತೆಂಬುದನ್ನು ಫ್ರಾನ್ಸಿನ ಲಶಾಂ ಎಂಬಲ್ಲಿಯ ಕಲ್ಲುಗಳು ಮೊದಲು ತಿಳಿಸಿದವು. ಪೂರ್ಣ ತಿರುವಿಗಾದರೋ ಸಾವಿರಾರು ವರ್ಷಗಳೇ ಬೇಕು.

ಅದನ್ನು ದಾಟಿ ಬಂದ ಮನುಷ್ಯರ ಗುರುತುಗಳು ನಮ್ಮ ದೇಶದಲ್ಲಿಯೇ ಇವೆ. ಚೆನ್ನೈ ಬಳಿಯ ಅತ್ತಿರಂಪಾಕ್ಕಂನಲ್ಲಿ ಆದಿಮಾನವರ ಕೈಗೊಡಲಿಗಳನ್ನು ಹುದುಗಿಸಿಕೊಂಡಿದ್ದ ಮಣ್ಣಿನ ಕಾಂತತ್ವ ತಿರುಗಿರುವುದು 2011ರಲ್ಲಿ ಪ್ರಕಟವಾಯಿತು. ಆ ಆಯುಧಗಳು ಮತುಯಾಮಾ ಅವಧಿಯವು. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಸುಣ್ಣಕಲ್ಲನ್ನು ಒಡೆದು ಕೊಡಲಿ ಮಾಡುತ್ತಿದ್ದವರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳ ಹಿಂದೆಂದು ಅಳೆದಿದ್ದಾರೆ. ಅವರ ಕೈಯಲ್ಲಿ ಒಂದು ದಿಕ್ಸೂಚಿ ಇದ್ದಿದ್ದರೆ, ಅದರ ಮುಳ್ಳು ದಕ್ಷಿಣವನ್ನು ತೋರಿಸುತ್ತಿತ್ತು.